ಕೀನ್ಯಾದ ಒಳಗೆ ಮತ್ತು ನೆರೆಯ ದೇಶಗಳಿಗೆ ಹೋಗಲು ಯಾವ ವಿಮಾನ ಸಂಸ್ಥೆ ಒಳ್ಳೆಯದು?

ಏಪ್ರಿಲ್ ರಜೆಯಲ್ಲಿ ವಯಸ್ಸಾದ ತಂದೆತಾಯಿಯೊಂದಿಗೆ ಬೆಂಗಳೂರಿನಿಂದ ನೈರೋಬಿಗೆ ಬಂದು, ಮಸಾಯಿ ಮಾರಾ ಮತ್ತು ಮೊಂಬಾಸಾ ಕಡೆಯ ಕಡಲತೀರ ನೋಡಿಕೊಂಡು, ಸಾಧ್ಯವಾದರೆ ಟಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೋ ರುವಾಂಡಾದ ಕಿಗಾಲಿಗೋ ಹೋಗಿಬರುವ ಯೋಚನೆಯಿದೆ, ಯಾವ ವಿಮಾನ ಸಂಸ್ಥೆಯನ್ನು ನಂಬಬಹುದು ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ನೈರೋಬಿಯಲ್ಲಿ ನೆಲೆಸಿ ಈ ಮಾರ್ಗಗಳಲ್ಲಿ ಆಗಾಗ ಓಡಾಡುವವನಾಗಿ ನಾನು ಮೊದಲು ಹೇಳುವ ಮಾತು ಇದು: ಇಲ್ಲಿ ಸಂಸ್ಥೆಯನ್ನು ಆರಿಸುವುದಕ್ಕಿಂತ ಮುಂಚೆ ವಿಮಾನ ನಿಲ್ದಾಣವನ್ನು ಆರಿಸಬೇಕು.

ನೈರೋಬಿಯಲ್ಲಿ ಎರಡು ನಿಲ್ದಾಣಗಳಿವೆ. ನೀವು ಭಾರತದಿಂದ ಬಂದಿಳಿಯುವುದು ಜೋಮೋ ಕೆನ್ಯಾಟಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ. ಕೀನ್ಯಾ ಏರ್‌ವೇಸ್ ಮತ್ತು ಅದರದೇ ಅಂಗಸಂಸ್ಥೆಯಾಗಿ 2014ರಲ್ಲಿ ಆರಂಭವಾದ, ಕಡಿಮೆ ದರದ ಜಾಂಬೋಜೆಟ್ ಹಾರುವುದು ಅಲ್ಲಿಂದಲೇ. ಮಾರಾದಂತಹ ವನ್ಯಧಾಮಗಳಿಗೆ ಹೋಗುವ ಸಫಾರಿಲಿಂಕ್, ಏರ್‌ಕೀನ್ಯಾ ಮೊದಲಾದ ಸಂಸ್ಥೆಗಳ ಸಣ್ಣ ವಿಮಾನಗಳು ಮಾತ್ರ ನಗರಕ್ಕೆ ಹತ್ತಿರದ, ಲಂಗಾಟಾ ರಸ್ತೆಯಲ್ಲಿರುವ ವಿಲ್ಸನ್ ನಿಲ್ದಾಣದಿಂದ ಹೊರಡುತ್ತವೆ. (1929ರಲ್ಲಿ ಇಲ್ಲಿ ವಿಮಾನ ಸಂಸ್ಥೆಯೊಂದನ್ನು ಕಟ್ಟಿದ ಫ್ಲಾರೆನ್ಸ್ ಕೆರ್ ವಿಲ್ಸನ್ ಎಂಬ ಮಹಿಳೆಯ ಹೆಸರು ಅದಕ್ಕಿದೆ.) ಎರಡರ ನಡುವೆ ಸಂಚಾರ ತಿಳಿಯಾಗಿದ್ದರೆ ಅರ್ಧ ಗಂಟೆಯ ದಾರಿ, ಸಂಜೆ ಮಳೆ ಬಂದರೆ ಎರಡು ಗಂಟೆಯೂ ಸಾಲದು, 2022ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ದೊಡ್ಡ ನಿಲ್ದಾಣದ ಕಡೆಯ ದಾರಿಯನ್ನು ಹಗುರ ಮಾಡಿದೆಯಾದರೂ ಅದು ವಿಲ್ಸನ್ ಬಾಗಿಲವರೆಗೆ ಬರುವುದಿಲ್ಲ. ಟಿಕೆಟ್ ಮಾರುವ ಜಾಲತಾಣಗಳಲ್ಲಿ ಕೆಲವು ಬರಿದೇ ‘ನೈರೋಬಿ’ ಎಂದು ತೋರಿಸುವುದರಿಂದ, ಎನ್‌ಬಿಒ (ಜೋಮೋ ಕೆನ್ಯಾಟಾ) ಎಂದಿದೆಯೋ ಡಬ್ಲ್ಯುಐಎಲ್ (ವಿಲ್ಸನ್) ಎಂದಿದೆಯೋ ನೋಡಿಯೇ ಹಣ ಕಟ್ಟಿ. ಒಂದೇ ದಿನ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಿಂದ ಹಾರುವ ಯೋಜನೆಯನ್ನು, ಹಿರಿಯರು ಜೊತೆಗಿರುವಾಗಲಂತೂ, ಮಾಡಬೇಡಿ.

ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆಯ ಪ್ರಯಾಣ, ವಿಮಾನದಲ್ಲಿ ಮುಕ್ಕಾಲು ಗಂಟೆ. ತಂದೆತಾಯಿಯ ಸೊಂಟ, ಮಂಡಿಗಳ ದೃಷ್ಟಿಯಿಂದ ವಿಮಾನಕ್ಕೆ ಖರ್ಚು ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹನ್ನೆರಡು ಜನ ಕೂರುವ ಸೆಸ್ನಾ ಕ್ಯಾರವಾನ್‌ನಲ್ಲಿ ಪೈಲಟ್ ತನ್ನ ಆಸನದಿಂದಲೇ ಹಿಂದಕ್ಕೆ ತಿರುಗಿ ಸುರಕ್ಷತೆಯ ಸೂಚನೆಗಳನ್ನು ಹೇಳುತ್ತಾನೆ, ಮೇಲೇರಿದೊಡನೆ ಕೆಳಗೆ ನೈರೋಬಿ ರಾಷ್ಟ್ರೀಯ ಉದ್ಯಾನ ಕಾಣುತ್ತದೆ, ಮಾರಾದಲ್ಲಿ ಇಳಿಯುವ ಮುನ್ನ ಜೀಪೊಂದು ಮಣ್ಣಿನ ಓಡುಹಾದಿಯ ಮೇಲಿನ ಜೀಬ್ರಾಗಳನ್ನು ಅಟ್ಟುತ್ತಿರುವುದೂ ಉಂಟು. ಈ ವಿಮಾನಗಳು ನಮ್ಮ ಸರ್ವಿಸ್ ಬಸ್ಸುಗಳಂತೆ ಕೀಕೊರೊಕ್, ಓಲ್ ಕಿಯೊಂಬೊ, ಮುಸಿಯಾರಾ ಎಂದು ಒಂದೊಂದು ಏರ್‌ಸ್ಟ್ರಿಪ್‌ನಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಗುತ್ತವೆ. ಆದ್ದರಿಂದ ನಿಮ್ಮ ಕ್ಯಾಂಪಿಗೆ ಹತ್ತಿರದ್ದು ಯಾವುದೆಂದು ಕ್ಯಾಂಪಿನವರನ್ನೇ ಕೇಳಿ, ಆಮೇಲೆ ಆ ಹೆಸರಿಗೇ ಟಿಕೆಟ್ ತೆಗೆಯಿರಿ. ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ ಮಿತಿ, ಅದೂ ಚಕ್ರವಿಲ್ಲದ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್‌ಗಳನ್ನು ನೈರೋಬಿಯ ಹೋಟೆಲಿನಲ್ಲೇ ಬಿಟ್ಟು ಬನ್ನಿ. ಬಟ್ಟೆಬರೆಯನ್ನು ಪ್ಲಾಸ್ಟಿಕ್ ಕವರುಗಳಲ್ಲಿ ಸುತ್ತಿ ತರುವ ನಮ್ಮವರ ರೂಢಿಯನ್ನೂ ಬಿಡಬೇಕಾಗುತ್ತದೆ, ಪ್ಲಾಸ್ಟಿಕ್ ಕೈಚೀಲಗಳಿಗೆ ಇಲ್ಲಿ 2017ರಿಂದಲೇ ನಿಷೇಧವಿದೆ. ಸಫಾರಿಲಿಂಕ್ ಮತ್ತು ಏರ್‌ಕೀನ್ಯಾಗಳ ನಡುವೆ ನಾನು ಭೇದ ಎಣಿಸುವುದಿಲ್ಲ. ಯಾವುದರ ಬೆಳಗಿನ ವೇಳೆ ಹೊಂದುತ್ತದೆಯೋ ಅದು ಸಾಕು. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ದೊಡ್ಡ ಮಳೆಗಾಲವಾಗಿರುವುದರಿಂದ ಮಧ್ಯಾಹ್ನದ ಗುಡುಗುಮೋಡಗಳನ್ನು ತಪ್ಪಿಸಲು ಬೆಳಗಿನ ವಿಮಾನವೇ ಲೇಸು.

ಕಡಲತೀರಕ್ಕೆ ಹೋಗುವಾಗಲೂ ಇಳಿಯುವ ಜಾಗವನ್ನೇ ಮೊದಲು ನೋಡಿ. ನಿಮ್ಮ ಹೋಟೆಲು ದಕ್ಷಿಣದ ಡಿಯಾನಿಯಲ್ಲಿದ್ದರೆ ಮೊಂಬಾಸಾ ನಿಲ್ದಾಣದಲ್ಲಿ ಇಳಿದು, ಲಿಕೋನಿ ಫೆರ್ರಿ ದಾಟಿಯೋ ಹೊಸ ಬೈಪಾಸ್‌ನಲ್ಲಿ ಸುತ್ತಿಯೋ ಹೋಗುವುದಕ್ಕಿಂತ ಡಿಯಾನಿಯ ಪಕ್ಕದಲ್ಲೇ ಇರುವ ಉಕುಂಡಾ ಏರ್‌ಸ್ಟ್ರಿಪ್‌ಗೆ ನೇರವಾಗಿ ಹಾರುವುದು ಎಷ್ಟೋ ಮೇಲು. ಜಾಂಬೋಜೆಟ್‌ನ ಅತಿ ಅಗ್ಗದ ದರದಲ್ಲಿ ಕೈಚೀಲಕ್ಕಷ್ಟೇ ಅವಕಾಶ, ಆದ್ದರಿಂದ ಲಗೇಜಿನ ಹಣ ಸೇರಿಸಿ ಕೀನ್ಯಾ ಏರ್‌ವೇಸ್‌ನೊಂದಿಗೆ ಹೋಲಿಸಿ. ಜಾಂಬೋಜೆಟ್‌ನ ಡ್ಯಾಶ್ 8 ವಿಮಾನಗಳಿಗೆ ಪ್ರೊಪೆಲ್ಲರ್ ಇರುವುದನ್ನು ಕಂಡು ಹಿಂಜರಿಯುವವರನ್ನು ನೋಡಿದ್ದೇನೆ. ಸಣ್ಣ ಓಡುಹಾದಿಗೆ, ಗಂಟೆಯೊಳಗಿನ ದೂರಕ್ಕೆ ತಕ್ಕ ವಿಮಾನ ಅದೇ, ಹೆದರಲು ಕಾರಣವಿಲ್ಲ. ಮೊಂಬಾಸಾ ನಗರಕ್ಕೇ ಹೋಗುವುದಾದರೆ 2017ರಲ್ಲಿ ಆರಂಭವಾದ ರೈಲೂ ಇದೆ. ತ್ಸಾವೊ ಕಾಡಿನ ನಡುವೆ ಸಾಗುವ ಆ ಐದು ಗಂಟೆಯ ಹಾದಿಯಲ್ಲಿ ಅದೃಷ್ಟವಿದ್ದರೆ ಆನೆಗಳು ಕಾಣುತ್ತವೆ.

ನೆರೆಯ ದೇಶಗಳ ವಿಷಯ ಬೇರೆ. ಒಂದೂವರೆ ಗಂಟೆಯ ಕಿಗಾಲಿ ಪ್ರಯಾಣಕ್ಕೆ ಕೇಳುವ ದರ ಕಂಡು ನಿಮಗೆ ಆಶ್ಚರ್ಯವಾದೀತು. ಆಫ್ರಿಕಾದ ದೇಶಗಳು ಆಕಾಶವನ್ನು ಪರಸ್ಪರ ತೆರೆದಿಡುವುದಾಗಿ 1999ರಲ್ಲಿ ಐವರಿ ಕೋಸ್ಟ್‌ನ ಯಾಮೂಸುಕ್ರೋದಲ್ಲಿ ಒಪ್ಪಿ, 2018ರಲ್ಲಿ ಏಕ ವಾಯುಸಾರಿಗೆ ಮಾರುಕಟ್ಟೆಯನ್ನೂ ಘೋಷಿಸಿವೆ. ಆದರೂ ಒಪ್ಪಂದ ಪೂರ್ತಿಯಾಗಿ ಜಾರಿಯಾಗದೆ, ಸ್ಪರ್ಧೆ ಕಡಿಮೆಯಿದ್ದು ತೆರಿಗೆ ಹೆಚ್ಚಿರುವುದರಿಂದ ಪ್ರಯಾಣಿಕರ ಜೇಬಿಗೆ ಅದರ ಫಲ ಇನ್ನೂ ಮುಟ್ಟಿಲ್ಲ. ಕಿಗಾಲಿಗೆ ಕೀನ್ಯಾ ಏರ್‌ವೇಸ್ ಅಥವಾ ರುವಾಂಡ್‌ಏರ್, ಎರಡೂ ಸರಿಯೇ. ಜಾಂಜಿಬಾರ್‌ಗೆ ಕೀನ್ಯಾ ಏರ್‌ವೇಸ್ ನೈರೋಬಿಯಿಂದ ಹೋಗುತ್ತದೆ, ಜಾಂಬೋಜೆಟ್ ಮೊಂಬಾಸಾದಿಂದಲೂ ಸೇವೆ ಆರಂಭಿಸಿರುವುದರಿಂದ ಕಡಲತೀರದಿಂದ ಮತ್ತೆ ನೈರೋಬಿಗೆ ಬರುವ ಸುತ್ತು ಉಳಿಯಬಹುದು. ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಟಾಂಜಾನಿಯಾದ ಸಂಸ್ಥೆಗಳನ್ನು ಈಗ ನಾನು ಆರಿಸುವುದಿಲ್ಲ: ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರಿನಲ್ಲಿ ಏರ್ ಟಾಂಜಾನಿಯಾವನ್ನೂ 2025ರ ಜೂನ್‌ನಲ್ಲಿ ಅಲ್ಲಿನ ಎಲ್ಲ ಸಂಸ್ಥೆಗಳನ್ನೂ ಸುರಕ್ಷತೆಯ ಕಾರಣಕ್ಕೆ ತನ್ನ ನಿಷೇಧ ಪಟ್ಟಿಗೆ ಸೇರಿಸಿತು. ಆ ನಿಷೇಧ ಯುರೋಪಿನ ಆಕಾಶಕ್ಕೆ ಮಾತ್ರ ಅನ್ವಯಿಸುತ್ತದೆಯಾದರೂ, ಬೇರೆ ಆಯ್ಕೆಯಿರುವಾಗ ಅದನ್ನು ಕಡೆಗಣಿಸಲು ನನಗೆ ಮನಸ್ಸಿಲ್ಲ.

ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಕೊಂಡು, ಕಿಗಾಲಿಯಿಂದ ಬಂದ ದಿನವೇ ನೈರೋಬಿಯಿಂದ ಭಾರತಕ್ಕೆ ಹೊರಡುವ ಹಾಗೆ ಜೋಡಿಸಬೇಡಿ. 2022ರ ನವೆಂಬರಿನಲ್ಲಿ ಕೀನ್ಯಾ ಏರ್‌ವೇಸ್ ಪೈಲಟ್‌ಗಳ ಮುಷ್ಕರ, 2024ರ ಸೆಪ್ಟೆಂಬರಿನಲ್ಲಿ ನೈರೋಬಿ ನಿಲ್ದಾಣದ ನೌಕರರ ಮುಷ್ಕರ, ಎರಡೂ ಸಾವಿರಾರು ಜನರನ್ನು ಸಿಲುಕಿಸಿದವು. ಬಿಡಿ ಟಿಕೆಟ್ ಇದ್ದರೆ ತಪ್ಪಿದ ಮುಂದಿನ ವಿಮಾನಕ್ಕೆ ಯಾರೂ ಹೊಣೆಯಾಗುವುದಿಲ್ಲ. ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಮುಂಬೈಯಿಂದ ಆಡಿಸ್ ಅಬಾಬಾ ಮೂಲಕ ನೈರೋಬಿಗೆ ಬಂದು, ಕಿಗಾಲಿ ಅಥವಾ ಜಾಂಜಿಬಾರ್‌ನಿಂದಲೇ ಮರಳುವಂತೆ ಒಂದೇ ಟಿಕೆಟ್ ಮಾಡಿಸಿದರೆ ಈ ಚಿಂತೆ ಬಹಳಷ್ಟು ತಗ್ಗುತ್ತದೆ.

ಕೊನೆಯದಾಗಿ ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಬರುವವರ ಪ್ರಮಾಣಪತ್ರವನ್ನು ಟಾಂಜಾನಿಯಾವೂ ಕೇಳುತ್ತದೆ, ಭಾರತವೂ ಕೇಳುತ್ತದೆ. ಇಲ್ಲದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವಾಗ ವೈದ್ಯರು ಹೆಚ್ಚಿನ ಎಚ್ಚರ ವಹಿಸುವುದರಿಂದ, ಯಾವ ಟಿಕೆಟ್ ತೆಗೆಯುವ ಮುನ್ನವೂ ತಂದೆತಾಯಿಯನ್ನು ವೈದ್ಯರಿಗೆ ತೋರಿಸಿ, ಅವರ ಉತ್ತರ ಬಂದ ಮೇಲೆ ದಿನಾಂಕ ಗೊತ್ತುಮಾಡಿ.