ಮಂಗಳೂರು ಏರ್‌ಪೋರ್ಟ್‌ನಲ್ಲಿ ಇಳಿಯಲು ಹೆದರಬೇಕಾ?

ಹೈದರಾಬಾದಿನಿಂದ ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಡಿಸೆಂಬರಿನಲ್ಲಿ ಕಟೀಲು, ಉಡುಪಿ, ಮುರುಡೇಶ್ವರ, ಗೋಕರ್ಣ ನೋಡಬೇಕು ಅಂದಿದ್ದೀರಿ. ಮಂಗಳೂರಿನ ರನ್‌ವೇ ಗುಡ್ಡದ ಮೇಲಿದೆ ಅಂತ ಮನೆಯಲ್ಲಿ ಭಯ, ಅದಕ್ಕೆ ಗೋವಾದಲ್ಲಿ ಇಳಿದು ಕೆಳಗೆ ಬರುವುದೇ ವಾಸಿನಾ ಅಂತ ಕೇಳಿದ್ದೀರಿ.

ಮಂಗಳೂರಿನಲ್ಲೇ ಇಳಿಯಿರಿ. ನಾನು ಬಜ್ಪೆ ಕಡೆಯವನು, ಈ ಏರ್‌ಪೋರ್ಟಿನ ಸದ್ದು ಕೇಳುತ್ತಲೇ ಬೆಳೆದವನು. ನಿಮ್ಮ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಮೊದಲು ಆ ವಿಷಯವನ್ನೇ ಹೇಳಿಬಿಡುತ್ತೇನೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ಈ ಭಾಗದಲ್ಲಿ ಆ ದಿನವನ್ನು ಮರೆತವರು ಯಾರೂ ಇಲ್ಲ. ಗುರುತು ಸಿಗದ ಹನ್ನೆರಡು ಜನರನ್ನು ಕೂಳೂರಿನಲ್ಲಿ ನದಿ ದಡದಲ್ಲಿ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಇದೆ. ತಣ್ಣೀರುಬಾವಿ ಬೀಚಿಗೆ ಹೋಗುವಾಗ ದಾರಿಯಲ್ಲೇ ಸಿಗುತ್ತದೆ, ಎರಡು ನಿಮಿಷ ಗಾಡಿ ನಿಲ್ಲಿಸಿ.

ಆ ದುರಂತ ಯಾಕಾಯಿತು ಅನ್ನುವುದನ್ನು ತಿಳಿದುಕೊಂಡರೆ ಭಯ ಸ್ವಲ್ಪ ಇಳಿಯುತ್ತದೆ. ರನ್‌ವೇ ಉದ್ದ 2,450 ಮೀಟರ್. ಇಲ್ಲಿಗೆ ಬರುವ ಬೋಯಿಂಗ್ 737, ಏರ್‌ಬಸ್ 320ಗಳಿಗೆ ಇಷ್ಟು ಸಾಕು. ಆವತ್ತು ವಿಮಾನ ಬೇಕಾದ್ದಕ್ಕಿಂತ ಜಾಸ್ತಿ ಎತ್ತರದಲ್ಲಿ ಬಂತು. ರನ್‌ವೇ ಶುರುವಾಗಿ ಸುಮಾರು 1,600 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಅಂದರೆ ಅರ್ಧಕ್ಕಿಂತ ಜಾಸ್ತಿ ರನ್‌ವೇ ಆಗಲೇ ಹಿಂದೆ ಉಳಿದಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಪ್ರಯಾಣದಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದರು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಅಂತ ತನಿಖೆಯಲ್ಲಿ ಬಂತು.

ಟೇಬಲ್‌ಟಾಪ್ ರನ್‌ವೇಯ ಕಷ್ಟ ಇರುವುದೇ ಇಲ್ಲಿ. ಗುಡ್ಡದ ತಲೆ ಕಡಿದು ಮಟ್ಟ ಮಾಡಿದ ಜಾಗ ಅದು. ಬಯಲು ಸೀಮೆಯ ಏರ್‌ಪೋರ್ಟಿನಲ್ಲಿ ರನ್‌ವೇ ದಾಟಿದರೆ ವಿಮಾನ ಮಣ್ಣಿನಲ್ಲಿ ಹೂತು ನಿಲ್ಲಬಹುದು. ಇಲ್ಲಿ ತುದಿ ದಾಟಿದರೆ ಇಳಿಜಾರು. ಆದ್ದರಿಂದ ಇಲ್ಲಿಗೆ ಬರುವ ಪೈಲಟ್‌ಗೆ ಸ್ವಲ್ಪ ಅನುಮಾನ ಬಂದರೂ ವಿಮಾನವನ್ನು ಮತ್ತೆ ಮೇಲೆತ್ತಬೇಕು. ನಿಮ್ಮ ವಿಮಾನವೂ ಕೆಳಗಿಳಿದು ಇನ್ನೇನು ನೆಲ ಮುಟ್ಟಿತು ಅನ್ನುವಾಗ ಗರ್ರ್ ಅಂತ ಮತ್ತೆ ಏರಿದರೆ ಗಾಬರಿಯಾಗಬೇಡಿ. ಏನೋ ಕೆಟ್ಟುಹೋಗಿದೆ ಅಂತಲ್ಲ, ಪೈಲಟ್ ಸರಿಯಾಗಿ ಕೆಲಸ ಮಾಡುತ್ತಿದ್ದಾರೆ ಅಂತ. ಅಪ್ಪ-ಅಮ್ಮನಿಗೂ ಇದನ್ನು ಮೊದಲೇ ಹೇಳಿಡಿ.

ಮಳೆಗಾಲದಲ್ಲಿ ಇದು ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಗುಡ್ಡದ ಮೇಲೇ ಕೂತುಬಿಡುತ್ತದೆ. ವಿಮಾನಗಳು ಮೇಲೆ ಸುತ್ತು ಹಾಕಿ ಬೆಂಗಳೂರಿಗೋ, ಕೊಚ್ಚಿಗೋ, ಕಣ್ಣೂರಿಗೋ ಹೋಗುವುದುಂಟು. ಡಿಸೆಂಬರಿನಲ್ಲಿ ಆ ತಾಪತ್ರಯ ಕಡಿಮೆ. ಆಕಾಶ ತಿಳಿಯಾಗಿರುತ್ತದೆ, ಕಿಟಕಿ ಪಕ್ಕ ಕೂತರೆ ಸಮುದ್ರ, ತೆಂಗಿನ ತೋಟ, ಹಾವಿನ ಹಾಗೆ ಬಳುಕುವ ಫಲ್ಗುಣಿ ನದಿ ಎಲ್ಲ ಕಾಣುತ್ತದೆ. ನಿಮ್ಮ ತಿಂಗಳ ಆಯ್ಕೆ ಚೆನ್ನಾಗಿದೆ.

ಇನ್ನೊಂದು ವಿಷಯ ತಿಳಿದುಕೊಂಡು ಬನ್ನಿ. ಈ ಏರ್‌ಪೋರ್ಟ್ ಪ್ರವಾಸಿಗರಿಗಾಗಿ ಬೆಳೆದದ್ದಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಇಲ್ಲಿ ಬಂದಿಳಿದು ಇದನ್ನು ಉದ್ಘಾಟಿಸಿದರು. ಆಮೇಲೆ ಇದನ್ನು ಬೆಳೆಸಿದವರು ದುಡಿಯಲು ಊರು ಬಿಟ್ಟವರು. ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಗಲ್ಫ್‌ಗೆ ಹೋದ ಬ್ಯಾರಿಗಳು, ಕ್ರೈಸ್ತರು, ಬಂಟರು, ಕಾಸರಗೋಡಿನವರು. 2006ರಲ್ಲಿ ಹೊಸ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಗಲ್ಫ್‌ಗೆ ಹೋಗುವವರು ಮುಂಬೈಗೆ ಹೋಗಿ ಅಲ್ಲಿಂದ ಹತ್ತುತ್ತಿದ್ದರು. 2010ರಲ್ಲಿ ಕೆಂಜಾರಿನ ಹೊಸ ಟರ್ಮಿನಲ್ ಬಂತು. 2020ರಿಂದ ಅದಾನಿಯವರು ನೋಡಿಕೊಳ್ಳುತ್ತಿದ್ದಾರೆ.

ದುಬೈ ವಿಮಾನ ಬಂದ ಹೊತ್ತಿಗೆ ಹೊರಗಿನ ಬಾಗಿಲ ಹತ್ತಿರ ಸ್ವಲ್ಪ ನಿಂತು ನೋಡಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪ ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು. ಟ್ರಾಲಿ ತಳ್ಳಿಕೊಂಡು ಬರುವ ಅಪ್ಪ, ಕಂಬಿ ಹಿಡಿದು ನಿಂತ ಮಕ್ಕಳು. ಚಿಕ್ಕ ಮಗುವಿಗೆ ಅಪ್ಪನ ಗುರುತೇ ಇರುವುದಿಲ್ಲ, ಅಮ್ಮನ ಹಿಂದೆ ಅಡಗಿಕೊಳ್ಳುತ್ತದೆ. ಪ್ರತಿ ಬಾರಿ ನೋಡಿದಾಗಲೂ ನನ್ನ ಕಣ್ಣು ತುಂಬುತ್ತದೆ.

ಇವರನ್ನೆಲ್ಲ ಮನೆಯವರೇ ಗಾಡಿ ತಂದು ಕರೆದುಕೊಂಡು ಹೋಗುತ್ತಾರೆ. ಪರವೂರಿನಿಂದ ಬಂದ ನಿಮ್ಮಂಥವರಿಗೆ ಯಾರು? ಏರ್‌ಪೋರ್ಟ್ ಬಾಗಿಲಿನಿಂದಲೇ ಕಟೀಲು, ಉಡುಪಿ, ಧರ್ಮಸ್ಥಳಕ್ಕೆ ಗಂಟೆಗೊಂದು ಬಸ್ಸು ಇರಬೇಕು ಅಂತ ನನಗೆ ಬಹಳ ಆಸೆ. ಬಜ್ಪೆ, ಕಟೀಲು ಕಡೆಯ ಖಾಸಗಿ ಬಸ್ಸುಗಳು ಗುಡ್ಡದ ಕೆಳಗಿನ ರಸ್ತೆಯಲ್ಲಿ ಓಡುತ್ತವೆ ನಿಜ. ಆದರೆ ವಯಸ್ಸಾದವರನ್ನೂ ಬ್ಯಾಗುಗಳನ್ನೂ ಕಟ್ಟಿಕೊಂಡು ಅಲ್ಲಿವರೆಗೆ ಹೋಗುವುದು ಕಷ್ಟ. ಟ್ಯಾಕ್ಸಿಯನ್ನು ಮೊದಲೇ ಮಾತಾಡಿಡಿ. ದಿನದ ಬಾಡಿಗೆನಾ, ಕಿಲೋಮೀಟರ್ ಲೆಕ್ಕನಾ, ಡ್ರೈವರ್ ಬಾಟಾ ಸೇರಿದೆಯಾ, ಎಲ್ಲ ಫೋನಿನಲ್ಲೇ ಕೇಳಿಬಿಡಿ.

ಇಳಿದ ತಕ್ಷಣ ಮಂಗಳೂರು ಪೇಟೆಗೆ ಹೋಗಬೇಡಿ. ಎಲ್ಲರೂ ಹಾಗೇ ಮಾಡುತ್ತಾರೆ. ಪೇಟೆ ಹದಿಮೂರು ಕಿಲೋಮೀಟರ್ ದಕ್ಷಿಣಕ್ಕಿದೆ, ನೀವು ಹೋಗಬೇಕಾದ್ದು ಉತ್ತರಕ್ಕೆ ಅಲ್ವಾ? ಬಜ್ಪೆ ದಾಟಿ ನೇರ ಕಟೀಲಿಗೆ ಹೋಗಿ, ಅರ್ಧ ಗಂಟೆಯ ದಾರಿ. ನಂದಿನಿ ಹೊಳೆಯ ನಡುವೆ ದೇವಸ್ಥಾನ. ಮಧ್ಯಾಹ್ನಕ್ಕೆ ಮುಟ್ಟಿದರೆ ಊಟವೂ ಅಲ್ಲೇ ಆಗುತ್ತದೆ. ಡಿಸೆಂಬರ್ ಅಂದರೆ ಕಟೀಲು ಮೇಳದ ಆಟಗಳ ಕಾಲ. ಹತ್ತಿರದಲ್ಲಿ ಎಲ್ಲಾದರೂ ಯಕ್ಷಗಾನ ಇದೆಯಾ ಅಂತ ವಿಚಾರಿಸಿ, ಅಪ್ಪ-ಅಮ್ಮ ಒಂದು ಗಂಟೆ ಕೂತು ನೋಡಿದರೂ ಸಂತೋಷ. ಅಲ್ಲಿಂದ ಕಿನ್ನಿಗೋಳಿ, ಮೂಲ್ಕಿ ಮೇಲೆ ಹೈವೇ ಸೇರಿದರೆ ಪಡುಬಿದ್ರಿ, ಉಡುಪಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ದೂರ ಇಲ್ಲ, ಒಂದು ದಿನ ಜಾಸ್ತಿ ಇದ್ದರೆ ಕಾರ್ಕಳದ ಗೊಮ್ಮಟನ ಜೊತೆ ಸೇರಿಸಿಕೊಳ್ಳಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ನೀವು ಹೋಗಿ ಬನ್ನಿ. ದೋಣಿ ಹತ್ತಿ ಇಳಿಯುವುದು ವಯಸ್ಸಾದವರಿಗೆ ಸುಲಭ ಅಲ್ಲ, ಅವರು ಆ ಹೊತ್ತಿಗೆ ಕೃಷ್ಣಮಠದಲ್ಲಿ ಆರಾಮಾಗಿ ಇರಲಿ. ಮುರುಡೇಶ್ವರದಲ್ಲಿ ಅವರಿಗೆ ಚಿಂತೆ ಇಲ್ಲ. ಇಪ್ಪತ್ತು ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ 123 ಅಡಿಯ ಶಿವನೂ ಸಮುದ್ರವೂ ಒಟ್ಟಿಗೆ ಕಾಣುತ್ತವೆ.

ಗೋಕರ್ಣಕ್ಕೆ ಬಂದರೆ ಮಾತ್ರ ಲೆಕ್ಕ ಬೇರೆ. ಗೋಕರ್ಣ ಮಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಅದೇ ದಾರಿಯಲ್ಲಿ ವಾಪಸ್ ಬರುವುದು ಸುಮ್ನೆ ಒಂದು ದಿನ ದಂಡ. ಹೋಗುವ ಟಿಕೆಟ್ ಮಂಗಳೂರಿಗೆ, ಬರುವ ಟಿಕೆಟ್ ಗೋವಾದಿಂದ ಮಾಡಿ. ಟ್ಯಾಕ್ಸಿಯವರು ಖಾಲಿ ಬರುವ ಬಾಡಿಗೆಯನ್ನೂ ಕೇಳುತ್ತಾರೆ. ಅದು ಬೇಡ ಅನ್ನಿಸಿದರೆ ಉಡುಪಿಯಿಂದ ಮುಂದಕ್ಕೆ ಕೊಂಕಣ ರೈಲು ಹಿಡಿಯಿರಿ. ಮುರುಡೇಶ್ವರಕ್ಕೂ ಗೋಕರ್ಣ ರೋಡಿಗೂ ಸ್ಟೇಷನ್ ಇದೆ.

ಊರಿಗೆ ತೆಂಗಿನಕಾಯಿ ಪ್ರಸಾದ ಒಯ್ಯುವುದಾದರೆ ಒಂದು ಮಾತು. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಬೆಂಕಿ ಹಿಡಿಯುವ ಸಾಮಾನು ಅಂತ ಲೆಕ್ಕ. ಚೆಕಿಂಗ್‌ನಲ್ಲಿ ತೆಗೆಸಿದರೆ ಅಮ್ಮನಿಗೆ ಬೇಜಾರಾಗುತ್ತದೆ.

ಗೋವಾ ಟಿಕೆಟ್ ಮಾಡುವಾಗ ದಾಬೋಲಿಮ್ಮಾ, ಮೋಪಾನಾ ಅಂತ ಸರಿಯಾಗಿ ನೋಡಿ. ಗೋವಾದಲ್ಲಿ ಈ ಎರಡು ಏರ್‌ಪೋರ್ಟ್ ಇವೆ, ಎರಡೂ ಗೋವಾ ಅಂತಲೇ ಬರುತ್ತವೆ. ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ. ಕಾರವಾರದ ಕಡೆಯಿಂದ ಹೋಗುವ ನಿಮಗೆ ದಾಬೋಲಿಮ್ ಹತ್ತಿರ, ಮೋಪಾ ಆದರೆ ರಸ್ತೆಯಲ್ಲಿ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ.