ಕೇಳಿ ನೋಡಿ: ಹಳೇ ರೀಲು, ದೊಡ್ಡ ಪರದೆ

ಪ್ರಶ್ನೆ: 1971ರ ‘ಕನ್ಸರ್ಟ್ ಫಾರ್ ಬಾಂಗ್ಲಾದೇಶ್’ ಸಂಗೀತ ಕಛೇರಿಯ ಚಿತ್ರ ನೋಡಿದೆ. ಪರದೆ ತುಂಬಾ ರವೆ ಚೆಲ್ಲಿದ ಹಾಗಿದೆ. ಈಗಿನ ಕಂಪ್ಯೂಟರಿನಲ್ಲಿ ಉಜ್ಜಿ, ಫಳಫಳ ಹೊಳೆಯೋ ಹಾಗೆ ಮಾಡಿ ಥಿಯೇಟರಿಗೆ ತರಬಹುದಲ್ವಾ?

ಉತ್ತರ: ತರಬಹುದು. ಆದರೆ ಫಳಫಳ ಬೇಡ ಅನ್ನುವವರ ಗುಂಪು ನನ್ನದು. ಹಳೇ ರೀಲುಗಳ ಜೊತೆ ವರ್ಷಗಟ್ಟಲೆ ಕೂತು ಬಂದ ಹಟ ಇದು.

ಮೊದಲು ಆ ರವೆಯ ಕಥೆ. ಬಾಂಗ್ಲಾ ನಿರಾಶ್ರಿತರಿಗೆ ಏನಾದರೂ ಮಾಡಬೇಕು ಅಂತ ಸಿತಾರ್ ವಾದಕ ರವಿಶಂಕರ್ ಕೇಳಿದ್ದಕ್ಕೆ ಬೀಟಲ್ಸ್ ತಂಡದಲ್ಲಿದ್ದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಕೆಲವೇ ವಾರಗಳಲ್ಲಿ ಗೆಳೆಯರನ್ನೆಲ್ಲ ಕಲೆಹಾಕಿದರು. ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು ಪ್ರದರ್ಶನ. ಎರಡಕ್ಕೂ ಸೇರಿ ಸುಮಾರು 40,000 ಜನ. ಚಿತ್ರೀಕರಿಸಿದ್ದು 16 ಎಂಎಂ ಅಗಲದ ಫಿಲ್ಮಿನಲ್ಲಿ. ಅದರ ಒಂದು ಫ್ರೇಮಿನ ಅಗಲ ಸುಮಾರು 10 ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳಿನ ಉಗುರು. ಆ ಉಗುರನ್ನು ಹಿಗ್ಗಿಸಿ 70 ಎಂಎಂ ಪ್ರಿಂಟು ಮಾಡಿ 1972ರಲ್ಲಿ ಬಿಡುಗಡೆ ಮಾಡಿದರು. ಚಿತ್ರ ಹಿಗ್ಗಿದರೆ ಫಿಲ್ಮಿನ ಕಾಳು, ಅಂದರೆ ನೀವು ಕಂಡ ರವೆ, ಸುಮ್ನೆ ಇರುತ್ತಾ?

ಆ ಕಾಳು ಧೂಳಲ್ಲ. ಚಿತ್ರ ಆಗಿರುವುದೇ ಅದರಿಂದ. ಅದನ್ನು ಪೂರ್ತಿ ತೆಗೆದರೆ ಕೆನ್ನೆಯ ರೋಮ, ಅಂಗಿಯ ನೇಯ್ಗೆ ಎಲ್ಲ ಹೋಗಿ ಹ್ಯಾರಿಸನ್ ಮೇಣದ ಗೊಂಬೆ ಆಗ್ತಾರೆ. ತೆಗೆಯಬೇಕಾದ್ದು ಗೀರು, ಧೂಳು, ಅಂಟಿನ ಕಲೆ. ಅದಕ್ಕೆ ಸಾಫ್ಟ್‌ವೇರ್ ಇದೆ. ಹಿಂದಿನ ಫ್ರೇಮಿನಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ, ನಡುವೆ ಒಂದರಲ್ಲಿ ಮಾತ್ರ ಇದೆ ಅಂದರೆ ಅದು ಕೊಳೆ ಅಂತ ಅದರ ಲೆಕ್ಕ. ಒಮ್ಮೆ ಬೇರೆ ಯಾವುದೋ ಸಂಗೀತದ ರೀಲಿಗೆ ಅದನ್ನು ರಾತ್ರಿಯಿಡೀ ಓಡಲು ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಡ್ರಮ್ಮರ್ ಕೈ ಬೀಸ್ತಿದ್ದಾನೆ, ಕೋಲಿನ ತುದಿಯೇ ಇಲ್ಲ! ಅಷ್ಟು ವೇಗದಲ್ಲಿ ಬೀಸುವ ಕೋಲು ಒಂದು ಜಾಗದಲ್ಲಿ ಒಂದೇ ಫ್ರೇಮು ಕಾಣುತ್ತೆ. ಕಂಪ್ಯೂಟರ್ ಅದನ್ನು ಕೊಳೆ ಅಂದುಕೊಂಡಿತ್ತು. ಒಂದು ವಾರ ಕೂತು ಕೋಲುಗಳನ್ನು ಒಂದೊಂದಾಗಿ ವಾಪಸ್ ತಂದೆ. ಹಣೆಯಿಂದ ಹಾರಿದ ಬೆವರ ಹನಿಗಳನ್ನೂ.

ಒಂದು ಮಾತು ಮರೆತೆ. ಇದೆಲ್ಲ ಶುರುವಾಗಬೇಕಾದ್ದು ಮೂಲ ನೆಗೆಟಿವ್‌ನಿಂದ. ಥಿಯೇಟರಿನಲ್ಲಿ ಓಡಿದ ಪ್ರಿಂಟು ನಕಲಿನ ನಕಲು. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ-ಹಸಿರು ಬೇಗ ಮಾಸಿ, ಎಲ್ಲರ ಮುಖಕ್ಕೂ ಗುಲಾಬಿ ಬಳಿದ ಹಾಗೆ ಆಗಿರುತ್ತೆ. ಡಬ್ಬಿ ತೆಗೆದ ಕೂಡಲೇ ವಿನೆಗರ್ ವಾಸನೆ ಹೊಡೆದರೆ ಫಿಲ್ಮೇ ಕೊಳೆಯಲು ಶುರುವಾಗಿದೆ ಅಂತ. ಆಗ ತಡ ಮಾಡಬಾರದು.

ಪ್ರಶ್ನೆ: ದನಿ ಬೇರೆ, ಚಿತ್ರ ಬೇರೆ ಇದ್ದರೆ ಜೋಡಿಸೋದು ಹೇಗೆ?

ಉತ್ತರ: ಹೊಡೆತ ನೋಡಿಕೊಂಡು. ದನಿ ದೊಡ್ಡ ಟೇಪಿನಲ್ಲಿ ಹಲವು ಟ್ರ್ಯಾಕುಗಳಾಗಿ ಇರುತ್ತೆ, ಕ್ಯಾಮೆರಾ ತನ್ನ ಪಾಡಿಗೆ ಸೆಕೆಂಡಿಗೆ 24 ಫ್ರೇಮು ಓಡುತ್ತೆ. 16 ಎಂಎಂನ 400 ಅಡಿ ರೀಲು 11 ನಿಮಿಷಕ್ಕೆ ಮುಗಿಯುತ್ತೆ, ಹಾಡು ಮುಗಿದಿರಲಿ ಬಿಡಲಿ. ಹೀಗೆ ತುಂಡಾದ ಕಡೆಯೆಲ್ಲ ಮತ್ತೆ ಹುಡುಕಬೇಕು. ತುಟಿ ನಂಬಬೇಡಿ, ಮೈಕು ಮುಚ್ಚಿಬಿಡುತ್ತೆ. ಕೋಲು ಡ್ರಮ್ಮಿಗೆ ತಾಗುವ ಫ್ರೇಮು ಹಿಡಿಯಿರಿ.

ಪ್ರಶ್ನೆ: ಶ್ರುತಿ ಮಾಡಿಕೊಳ್ಳುವುದಕ್ಕೇ ಜನ ಚಪ್ಪಾಳೆ ತಟ್ಟಿದ್ದು ನೋಡಿ ಮುಜುಗರ ಆಯ್ತು. ಹೊಸ ಪ್ರತಿಯಲ್ಲಿ ಅದನ್ನು ಕತ್ತರಿಸಬಾರದಾ?

ಉತ್ತರ: ಅಯ್ಯೋ, ಬೇಡ! ಸಿತಾರ್ ಹಿಡಿದು ರವಿಶಂಕರ್, ಸರೋದ್ ಹಿಡಿದು ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾರಖಾ ಕೂತಿದ್ದಾರೆ. ತಂತಿ ಬಿಗಿ ಮಾಡಿ ಮುಗಿಸಿದರೆ ಸಭೆಯೆಲ್ಲ ಚಪ್ಪಾಳೆ. ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸೋದು ಇನ್ನೂ ಹಿಡಿಸುತ್ತೆ ಅಂದ್ಕೋತೀನಿ ಅಂತ ರವಿಶಂಕರ್ ನಯವಾಗಿ ಅಂದರು. ಪಾಪ, ಜನರಿಗೇನು ಗೊತ್ತು. ಕೊಳೆ ತೆಗೆಯೋದು ನಮ್ಮ ಕೆಲಸ, ಮುಜುಗರ ತೆಗೆಯೋದಲ್ಲ. ಆ ಚಪ್ಪಾಳೆಯ ಹಿಂದಿನ ಟೇಪಿನ ಸಣ್ಣ ಸುಯ್ ಸದ್ದನ್ನೂ ನಾನಾದರೆ ಪೂರ್ತಿ ಅಳಿಸಲ್ಲ.