ಫಾರ್ಮ್ಯಾಟ್ ಮಾಡುವ ಮೊದಲು ಇಷ್ಟನ್ನು ನೋಡಿ

ಯುಎಸ್‌ಬಿಯಿಂದ ಜೋಡಿಸುವ ನಿಮ್ಮ ಹಾರ್ಡ್ ಡ್ರೈವ್‌ನ ದೀಪ ಉರಿಯುತ್ತದೆ, ಆದರೆ ವಿಂಡೋಸ್‌ನಲ್ಲಿ ಕಾಣುತ್ತಿಲ್ಲ, ಒಳಗೆ ನಿಮ್ಮ ತಂದೆಯವರ ಹಳೆಯ ಫೋಟೋಗಳಿವೆ ಎಂದಿದ್ದೀರಿ. ಫಾರ್ಮ್ಯಾಟ್ ಅಥವಾ ಇನಿಷಿಯಲೈಸ್ (ಡ್ರೈವ್ ಅನ್ನು ಹೊಸದರಂತೆ ಸಜ್ಜುಗೊಳಿಸುವುದು) ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ದಯವಿಟ್ಟು ಒಪ್ಪಬೇಡಿ.

ದೀಪ ಉರಿದ ಮಾತ್ರಕ್ಕೆ ವಿದ್ಯುತ್ ಸಾಕಾಗಿದೆ ಎಂದಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಆದರೆ 900. ತಿರುಗುವ ತಟ್ಟೆಯ ಡ್ರೈವ್‌ಗೆ ಈ ವ್ಯತ್ಯಾಸ ದೊಡ್ಡದು. ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಬಿಟ್ಟು, ಬೇರೆ ಕೇಬಲ್ ಬಳಸಿ, ನೇರವಾಗಿ 3.0 ಪೋರ್ಟ್‌ಗೆ ಜೋಡಿಸಿ. ನನ್ನ ಡ್ರೈವ್ ಕೆಟ್ಟಿತೆಂದು ಎರಡು ದಿನ ಕೊರಗಿದ್ದೆ. ಕೊನೆಗೆ ದೋಷವಿದ್ದದ್ದು ಕೇಬಲ್‌ನಲ್ಲಿ.

ಆಮೇಲೆ ವಿಂಡೋಸ್ ಕೀಲಿಯೊಂದಿಗೆ ಎಕ್ಸ್ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಡ್ರೈವ್‌ನ ವಿಭಾಗ (ಪಾರ್ಟಿಷನ್) ಸರಿಯಾಗಿದ್ದು, ಇ, ಎಫ್‌ನಂತಹ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ಬಲ ಕ್ಲಿಕ್ ಮಾಡಿ ಒಂದು ಅಕ್ಷರ ಕೊಡಿ, ಅಷ್ಟರಲ್ಲೇ ಮುಗಿಯಬಹುದು. 'ರಾ' (RAW) ಎಂದು ತೋರಿಸಿದರೆ ಕಡತ ವ್ಯವಸ್ಥೆ ಹಾಳಾಗಿರಬಹುದು. ಆಗ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ದುರಸ್ತಿ ಉಪಕರಣ) ಓಡಿಸುವ ಆತುರ ಬೇಡ, ದೋಷ ಸರಿಪಡಿಸುವಾಗ ಅದು ಡ್ರೈವ್‌ಗೇ ಬರೆಯುತ್ತದೆ. ರಿಕವರಿ ತಂತ್ರಾಂಶದಿಂದ ಫೋಟೋಗಳನ್ನು ಮೊದಲು ಬೇರೊಂದು ಡ್ರೈವ್‌ಗೆ ಇಳಿಸಿಕೊಳ್ಳಿ.

ಡ್ರೈವ್‌ನಿಂದ ಟಕ್ ಟಕ್ ಸದ್ದು ಕೇಳಿಸಿದರೆ ಮಾತ್ರ ಇದಾವುದನ್ನೂ ಮಾಡದೆ ತಕ್ಷಣ ಕಳಚಿ, ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ಒಪ್ಪಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಏನು ಕಂಡಿತೆಂದು ತಿಳಿಸಿ, ಮುಂದಿನದನ್ನು ಹೇಳುತ್ತೇನೆ.